‘ನೋವು ಬರಿಸುತ್ತೇವೆ’ ಎಂದು ಡಾಕ್ಟರು ಹೇಳಿದಾಗ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹೆರಿಗೆ ವಾರ್ಡುಗಳ ಹೊರಗೆ ಎರಡು ಮಾತುಗಳು ಆಗಾಗ ಕೇಳಿಬರುತ್ತವೆ. ಒಂದು, ‘ದಿನ ತುಂಬಿದೆಯಲ್ಲ, ನೋವಿನ ಇಂಜೆಕ್ಷನ್ ಕೊಟ್ಟು ಬೇಗ ಮುಗಿಸಬಾರದೆ?’ ಇನ್ನೊಂದು, ‘ನಿನ್ನೆಯಿಂದ ಔಷಧಿ ಹಾಕಿದ್ದಾರೆ, ಏನೂ ಆಗಿಲ್ಲ. ಆಪರೇಷನ್ನೇ ಮಾಡಿಬಿಡಲಿ.’ ಎರಡರ ಹಿಂದೆಯೂ ಇರುವುದು ಮನೆಯವರ ಪ್ರೀತಿ ಮತ್ತು ಆತಂಕ. ಆದರೆ ಎರಡರಲ್ಲೂ ಅವಸರವಿದೆ. ಔಷಧಿಯಿಂದ ಹೆರಿಗೆ ನೋವು ಬರಿಸುವ ಕ್ರಮ ಹೇಗೆ ನಡೆಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಯಾವುದಕ್ಕೆ ಎಚ್ಚರ ಬೇಕು ಎಂಬುದನ್ನು ಇಂದು ನೋಡೋಣ. ನಾನು ವೈದ್ಯಳಲ್ಲ. ವಿಜ್ಞಾನ ಓದಿ, ಕಾರ್ಯಕ್ರಮ ನಿರ್ಮಾಣದ ನೆಪದಲ್ಲಿ ವೈದ್ಯರಿಂದ ಕೇಳಿ ತಿಳಿದವಳು. ನಿಮ್ಮ ಮನೆಯ ಗರ್ಭಿಣಿಯ ವಿಷಯದಲ್ಲಿ ತೀರ್ಮಾನ ಅವಳನ್ನು ಪರೀಕ್ಷಿಸಿದ ಡಾಕ್ಟರದು, ಒಪ್ಪಿಗೆ ಅವಳದು.

ಮೊದಲು ತಾರೀಕಿನ ಮಾತು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ ಹೆರಿಗೆಯ ದಿನವನ್ನು ಲೆಕ್ಕ ಹಾಕುತ್ತಾರೆ. ಜನವರಿ 14ಕ್ಕೆ ಮುಟ್ಟಾಗಿದ್ದರೆ ಅಕ್ಟೋಬರ್ 21. ಒಟ್ಟು 280 ದಿನ, ಅಂದರೆ 40 ವಾರ. ಇದು ಅಂದಾಜು ಮಾತ್ರ. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು ಐದು. ಆದ್ದರಿಂದ ತಾರೀಕು ದಾಟಿದ ಮರುದಿನವೇ ಗಾಬರಿಯಾಗಬೇಕಿಲ್ಲ. ಮುಟ್ಟಿನ ದಿನ ನೆನಪಿಲ್ಲದವರಿಗೆ ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ಹೆಚ್ಚು ನಂಬಿಕೆಗೆ ಅರ್ಹ. ಕೊನೆಯ ತಿಂಗಳ ಸ್ಕ್ಯಾನಿಂಗ್ ದಿನ ಹೇಳುವುದರಲ್ಲಿ ಅಷ್ಟು ನಿಖರವಲ್ಲ.

ಹಾಗಾದರೆ ನೋವು ಬರಿಸುವುದು ಯಾವಾಗ? 41 ವಾರ ತುಂಬಿದರೂ ನೋವು ಬಾರದಿದ್ದರೆ ಬರಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನೂ ಕಾಯುತ್ತಾ ಹೋದರೆ ಮಾಸು, ಅಂದರೆ ಮಗುವಿಗೆ ಆಹಾರ ಆಮ್ಲಜನಕ ಒದಗಿಸುವ ಅಂಗ, ದಣಿಯಬಹುದು. ತಾಯಿಗೆ ರಕ್ತದೊತ್ತಡ ಏರಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ನೀರು ಹೋಗಿಯೂ ನೋವು ಬಾರದಿದ್ದರೆ, ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ಅದಕ್ಕೂ ಮುಂಚೆಯೇ ಬೇಕಾಗಬಹುದು. ಮಗು ಹೊಟ್ಟೆಯಲ್ಲಿ ಇರುವುದಕ್ಕಿಂತ ಹೊರಗೆ ಬರುವುದು ಕ್ಷೇಮ ಎಂಬುದು ಇಲ್ಲಿನ ಲೆಕ್ಕ. ಒಳ್ಳೆಯ ನಕ್ಷತ್ರ, ಮುಹೂರ್ತ ಈ ಲೆಕ್ಕದಲ್ಲಿ ಸೇರುವುದಿಲ್ಲ. ಔಷಧಿಗೆ ಪಂಚಾಂಗ ತಿಳಿಯದು. ಇಂದು ಬೆಳಿಗ್ಗೆ ಆರಂಭಿಸಿದ ಹೆರಿಗೆ ನಾಳೆ ರಾತ್ರಿ ಆದರೂ ಆಶ್ಚರ್ಯವಿಲ್ಲ.

ಇದಕ್ಕೆ ಕಾರಣ ಗರ್ಭಕೋಶದ ಬಾಯಿ. ಒಂಬತ್ತು ತಿಂಗಳು ಮಗುವನ್ನು ಹಿಡಿದಿಟ್ಟ ಈ ಬಾಯಿ ಗಟ್ಟಿಯಾಗಿ, ಉದ್ದವಾಗಿ, ಮುಚ್ಚಿಕೊಂಡಿರುತ್ತದೆ. ಹೆರಿಗೆಗೆ ಮೊದಲು ಅದು ಮೆತ್ತಗಾಗಿ, ತೆಳುವಾಗಿ, ತೆರೆದುಕೊಳ್ಳಲು ಸಿದ್ಧವಾಗಬೇಕು. ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆಯವರಿಗೆ ಇದನ್ನು ಹೇಳುವುದು ಸುಲಭ: ಹಲಸು ಮಾಗಿದ ಮೇಲೆ ಬಿಡಿಸುವುದು ಬೇರೆ, ಎಳೆಗಾಯಿಯನ್ನು ಬಲವಂತವಾಗಿ ಸೀಳುವುದು ಬೇರೆ. ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಯಾವ ಕಡೆಗೆ ತಿರುಗಿದೆ, ಮಗುವಿನ ತಲೆ ಎಷ್ಟು ಕೆಳಗಿಳಿದಿದೆ ಎಂದು ನೋಡಿ ಡಾಕ್ಟರು ಅಂಕ ಕೊಡುತ್ತಾರೆ. 1964ರಲ್ಲಿ ಎಡ್ವರ್ಡ್ ಬಿಷಪ್ ಎಂಬ ವೈದ್ಯರು ರೂಪಿಸಿದ ಈ ಲೆಕ್ಕದಲ್ಲಿ ಒಟ್ಟು 13 ಅಂಕ. ಎಂಟು ಅಥವಾ ಹೆಚ್ಚು ಬಂದರೆ ಬಾಯಿ ಮಾಗಿದೆ ಎಂದರ್ಥ. ಆರು ಅಥವಾ ಕಡಿಮೆ ಇದ್ದರೆ ಮೊದಲು ಮಾಗಿಸಬೇಕು, ಆಮೇಲೆ ನೋವು.

ಮಾಗಿಸಲು ಕೆಲವು ದಾರಿಗಳಿವೆ. ಒಂದು, ಒಳಗೆ ಇಡುವ ಜೆಲ್. ಇದನ್ನು ಫ್ರಿಜ್ಜಿನಲ್ಲಿ ಕಾಪಾಡಬೇಕು. ಇಟ್ಟ ಮೇಲೆ ಸ್ವಲ್ಪ ಹೊತ್ತು ಮಲಗಿರಲು ಹೇಳುತ್ತಾರೆ, ಸುಮಾರು ಆರು ಗಂಟೆಯ ನಂತರ ಮತ್ತೆ ಪರೀಕ್ಷಿಸುತ್ತಾರೆ. ಎರಡನೆಯದು, ಫೋಲಿ ಎಂಬ ರಬ್ಬರ್ ಕೊಳವೆ. ಮೂತ್ರಕ್ಕೆ ಹಾಕುವ ಕೊಳವೆಯೇ ಇದು. ತುದಿಯ ಪುಟ್ಟ ಬಲೂನಿಗೆ ನೀರು ತುಂಬಿದಾಗ ಅದು ಗರ್ಭಕೋಶದ ಬಾಯನ್ನು ಮೆಲ್ಲನೆ ಒತ್ತಿ ತೆರೆಯುತ್ತದೆ, ಬಾಯಿ ಸಾಕಷ್ಟು ತೆರೆದಾಗ ತಾನೇ ಜಾರಿ ಬೀಳುತ್ತದೆ. ಬಿತ್ತೆಂದು ಹೆದರಬೇಡಿ, ಅದು ಒಳ್ಳೆಯ ಸೂಚನೆ. ಮೂರನೆಯದು, ಮಿಸೊಪ್ರೊಸ್ಟಾಲ್ ಮಾತ್ರೆ. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡವಿದ್ದ 602 ಗರ್ಭಿಣಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆ ನುಂಗಿದವರಲ್ಲಿ ನೂರಕ್ಕೆ 57 ಮಂದಿಗೆ 24 ಗಂಟೆಯೊಳಗೆ ಸಹಜ ಹೆರಿಗೆಯಾಯಿತು. ಫೋಲಿ ಹಾಕಿಸಿಕೊಂಡವರಲ್ಲಿ 47 ಮಂದಿಗೆ. ಈ ಅಂಕಿಗಳನ್ನು ಇನ್ನೊಂದು ರೀತಿಯಲ್ಲೂ ಓದಬೇಕು: ಸುಮಾರು ಅರ್ಧದಷ್ಟು ಮಂದಿಗೆ ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲಿ ಆ ರೀತಿ ಹೆರಿಗೆ ಆಗಲಿಲ್ಲ.

ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ನೋವು ಬರಿಸಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ ಒಂದು ಸಲಕ್ಕೆ 25 ಮೈಕ್ರೋಗ್ರಾಂ. ಅದೇ ಔಷಧಿಯ 200 ಮೈಕ್ರೋಗ್ರಾಂ ಮಾತ್ರೆಯೂ ಬೇರೆ ಉಪಯೋಗಕ್ಕೆ ಬರುತ್ತದೆ. ಒಂದಕ್ಕೆ ಎಂಟರಷ್ಟು! ಅಂಗಡಿಯಿಂದ ತಂದು ಮನೆಯಲ್ಲಿ ನುಂಗಿಸಿದರೆ ಗರ್ಭಕೋಶವೇ ಒಡೆಯುವ ಅಪಾಯವಿದೆ. ಹಿಂದೆ ಸಿಸೇರಿಯನ್ ಆದವರಿಗೆ ಈ ಮಾತ್ರೆಯನ್ನು ಕೊಡುವುದೇ ಇಲ್ಲ. ಆದ್ದರಿಂದ ಹಳೆಯ ಆಪರೇಷನ್ನಿನ ವಿಷಯವನ್ನು ಮರೆಯದೆ ತಿಳಿಸಿ.

ಬಾಯಿ ಮಾಗಿದ ಮೇಲೆ ನೀರಿನ ಚೀಲವನ್ನು ಒಡೆಯುತ್ತಾರೆ, ಆಕ್ಸಿಟೋಸಿನ್ ಡ್ರಿಪ್ ಹಾಕುತ್ತಾರೆ. ಜನ ‘ನೋವಿನ ಇಂಜೆಕ್ಷನ್’ ಎನ್ನುವುದು ಇದನ್ನೇ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಈ ರಸವನ್ನು 1953ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗರ್ಭಕೋಶವನ್ನು ಬಿಗಿಸುವ ಇದೇ ರಸ ಕೆಚ್ಚಲಿನಲ್ಲಿ ಹಾಲು ಇಳಿಸುವುದೂ ಹೌದು. ಹಸು ಎಮ್ಮೆಗಳಿಗೆ ಇದನ್ನು ಚುಚ್ಚುವ ದುರುಪಯೋಗ ತಡೆಯಲೆಂದು ಕೇಂದ್ರ ಸರ್ಕಾರ 2018ರಲ್ಲಿ ಇದರ ತಯಾರಿಕೆಯನ್ನು ಬೆಂಗಳೂರಿನ ಸರ್ಕಾರಿ ಕಂಪನಿಯಾದ ಕರ್ನಾಟಕ ಆ್ಯಂಟಿಬಯೋಟಿಕ್ಸ್‌ಗೆ ಮಾತ್ರ ಸೀಮಿತಗೊಳಿಸಲು ಹೊರಟಿತು. ತಾಯಂದಿರಿಗೆ ಔಷಧಿಯ ಕೊರತೆಯಾದೀತೆಂಬ ವಾದ ಎದ್ದಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು.

ಡ್ರಿಪ್ಪಿನಲ್ಲಿ ಏಕೆ, ಒಂದೇ ಸಲ ಚುಚ್ಚಬಾರದೇಕೆ? ಈ ಮಾತಿನ ತಿರುಳು ಇಲ್ಲಿದೆ. ಗರ್ಭಕೋಶ ಬಿಗಿದಾಗ ಮಗುವಿನ ಕಡೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಸಡಿಲಿದಾಗ ಮತ್ತೆ ಹರಿಯುತ್ತದೆ. ಎರಡು ನೋವುಗಳ ನಡುವಿನ ಬಿಡುವೇ ಮಗು ಸುಧಾರಿಸಿಕೊಳ್ಳುವ ಹೊತ್ತು. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬಂದರೆ ಅದು ಅತಿಯಾಯಿತು. ಆಗ ಡ್ರಿಪ್ಪನ್ನು ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಔಷಧಿಯ ಬಲ ಇಳಿಯತೊಡಗುತ್ತದೆ. ಸೊಂಟಕ್ಕೋ ತೋಳಿಗೋ ಚುಚ್ಚಿದ ಔಷಧಿಯನ್ನು ಹಿಂದಕ್ಕೆ ತೆಗೆಯಲಾಗದು. ಡ್ರಿಪ್ಪಿಗೆ ನಲ್ಲಿ ಇದೆ, ಚುಚ್ಚಿದ್ದಕ್ಕೆ ನಲ್ಲಿ ಇಲ್ಲ. ಮಗು ಹುಟ್ಟುವ ಮೊದಲು ಹೀಗೆ ಚುಚ್ಚಿಸಲು ಯಾರನ್ನೂ ಕೇಳಬೇಡಿ, ಚುಚ್ಚುತ್ತೇನೆಂದು ಮನೆಗೆ ಬರುವವರನ್ನು ಒಪ್ಪಬೇಡಿ. ಮಗು ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲಿ ಇದೇ ಔಷಧಿಯನ್ನು ಚುಚ್ಚುತ್ತಾರೆ. ಅದು ರಕ್ತಸ್ರಾವ ತಡೆಯಲು, ಅತ್ಯಗತ್ಯ, ಬೇಡವೆನ್ನಬೇಡಿ.

ಡ್ರಿಪ್ಪಿನ ನೋವು ತಾನಾಗಿ ಬಂದ ನೋವಿಗಿಂತ ತೀಕ್ಷ್ಣವೆಂದು ಅನೇಕ ತಾಯಂದಿರು ಹೇಳುತ್ತಾರೆ. ನೋವು ತಗ್ಗಿಸುವ ಉಪಾಯವೇನಿದೆ ಎಂದು ಕೇಳುವುದು ತಪ್ಪಲ್ಲ. ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಕೇಳುತ್ತಾರೆ. ನಿಮಿಷಕ್ಕೆ 110ರಿಂದ 160 ಸರಿಯಾದ ಬಡಿತ. ಬಿಡುವೇ ಇಲ್ಲದ ನೋವು, ರಕ್ತ, ಹಸಿರು ಬಣ್ಣದ ನೀರು, ಮಗುವಿನ ಅಲುಗಾಟ ಕಡಿಮೆಯಾಗುವುದು, ಕಣ್ಣು ಮಂಜಾಗುವಂಥ ತಲೆನೋವು: ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಸಿಸ್ಟರನ್ನು ಕರೆಯಿರಿ.

ನೋವು ಬರಿಸಿದರೆ ಕಡೆಗೆ ಆಪರೇಷನ್ನೇ ಎಂಬ ನಂಬಿಕೆಯೂ ಇದೆ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಸಿಸೇರಿಯನ್ ಆಯಿತು, ಕಾದವರಲ್ಲಿ 22 ಮಂದಿಗೆ. ತಾಳ್ಮೆಯಿಂದ ನೋಡಿಕೊಂಡರೆ ಆಪರೇಷನ್ ಹೆಚ್ಚಲೇಬೇಕೆಂದಿಲ್ಲ. ನೀರು ಒಡೆದು ಡ್ರಿಪ್ ಹಾಕಿದ ಮೇಲೂ, ತಾಯಿ ಮಗು ಚೆನ್ನಾಗಿದ್ದರೆ, ಕನಿಷ್ಠ 12ರಿಂದ 18 ಗಂಟೆ ನೋಡದೆ ‘ಫಲಿಸಲಿಲ್ಲ’ ಎನ್ನಬಾರದೆಂಬುದು ಪ್ರಸೂತಿ ತಜ್ಞರ ಮಾತು. ಮಗು ದಣಿದಿದೆ ಎಂದು ಡಾಕ್ಟರು ಹೇಳಿದರೆ ಮಾತ್ರ ಕಾಯುವ ಪ್ರಶ್ನೆಯಿಲ್ಲ, ಆಪರೇಷನ್ನಿಗೆ ಒಪ್ಪಿ.

ಅದಕ್ಕೇ ನೋವು ಬರಿಸುವುದು ಆಪರೇಷನ್ ಅನುಕೂಲವಿರುವ ಕಡೆಯೇ ನಡೆಯಬೇಕು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ಕುಣಿಗಲ್ಲಿನಿಂದ ಇನ್ನೂ ದೂರ. ಔಷಧಿ ಹಾಕಿದ ಮೇಲೆ ನಡುರಾತ್ರಿ ದಾರಿಯಲ್ಲಿರುವ ಸ್ಥಿತಿ ಬರಬಾರದು. ದಾಖಲಾಗುವಾಗಲೇ ಕೇಳಿ: ಏಕೆ ಬರಿಸುತ್ತಿದ್ದೀರಿ? ಯಾವ ಔಷಧಿ? ರಾತ್ರಿ ಆಪರೇಷನ್ ಬೇಕಾದರೆ ಅರಿವಳಿಕೆ ಡಾಕ್ಟರು ಸಿಗುತ್ತಾರೆಯೇ? ರಕ್ತ ಸಿಗುತ್ತದೆಯೇ? ಕಳುಹಿಸಬೇಕಾದರೆ ಎಲ್ಲಿಗೆ?

ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ ಜೊತೆಗಿರಲಿ. ಆದರೆ ಕಾರ್ಡು ಡಾಕ್ಟರಿಗೆ ಮಾಹಿತಿ ಕೊಡಲು ಇರುವುದು, ಬಾಗಿಲಲ್ಲಿ ತೋರಿಸುವ ಟಿಕೆಟ್ ಅಲ್ಲ. 2022ರ ನವೆಂಬರಿನಲ್ಲಿ ಕಾರ್ಡು ಇಲ್ಲವೆಂದು ತುಮಕೂರು ಜಿಲ್ಲಾಸ್ಪತ್ರೆಯಿಂದ ಹಿಂದಿರುಗಿದ ಗರ್ಭಿಣಿಯೊಬ್ಬರು ಮನೆಯಲ್ಲೇ ಹೆರಿಗೆಯಾಗಿ ಅವಳಿ ಶಿಶುಗಳೊಂದಿಗೆ ತೀರಿಕೊಂಡರು. ಆ ಸುದ್ದಿ ನಾಡನ್ನೇ ಕಲಕಿತು. ಕಾರ್ಡಿಲ್ಲದವಳೂ ಹೆರಿಗೆಗೆ ಬಂದವಳೇ. ಹಿಂದಿರುಗಬೇಡಿ, 108ಕ್ಕೆ ಕರೆಮಾಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ.

ಕೊನೆಯದಾಗಿ, ಅವಳೊಬ್ಬಳನ್ನೇ ಬಿಡಬೇಡಿ. ಸಾವಿರಾರು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮ ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನವರು. ಆ ಕಾಲದಲ್ಲಿ ಡ್ರಿಪ್ ಇರಲಿಲ್ಲ, ಪಕ್ಕದಲ್ಲಿ ಕೂರುವ ಹೆಂಗಸರಿದ್ದರು. ಈಗ ಎರಡೂ ಇರಬಹುದು. ಹೆರಿಗೆಯ ವೇಳೆ ಜೊತೆಗೊಬ್ಬರು ಇರುವುದು ಒಳ್ಳೆಯದೆಂದು ಇಂದಿನ ವೈದ್ಯವಿಜ್ಞಾನವೂ ಒಪ್ಪುತ್ತದೆ. ಅತ್ತೆಯೋ ತಾಯಿಯೋ ಅಕ್ಕನೋ, ಬೆನ್ನು ನೀವುತ್ತಾ, ನೀರು ಕುಡಿಸುತ್ತಾ, ‘ಇನ್ನೂ ಆಗಲಿಲ್ಲವೇ’ ಎಂದು ಕೇಳದವರೊಬ್ಬರು ಅವಳ ಹತ್ತಿರ ಇರಲಿ.