ಗೆಜ್ಜೆ ಬಿಚ್ಚಿದ ಮೇಲೆ

ತುಳುನಾಡಿನ ತಿಂಗಳ ಲೆಕ್ಕದಲ್ಲಿ ಬೇಶ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಇಂಗ್ಲಿಷ್ ತಾರೀಖಿನಲ್ಲಿ ಅದು ಮೇ 24ರ ಆಸುಪಾಸಿಗೆ ಬರುತ್ತದೆ. ಅಂದು ಹತ್ತು ಹನಿಯಾದರೂ ಮಳೆ ಬೀಳಬೇಕೆಂಬುದು ತುಳುವರ ನಂಬಿಕೆ. ದೇವಸ್ಥಾನಗಳ ಉತ್ಸವ, ದೈವಗಳ ಕೋಲ-ನೇಮ, ಯಕ್ಷಗಾನ ಬಯಲಾಟ ಎಲ್ಲವೂ ಆ ದಿನಕ್ಕೆ ನಿಲ್ಲುತ್ತವೆ. ಮೇಳದ ಕಲಾವಿದರು ತಮ್ಮ ಕ್ಷೇತ್ರದ ದೇವರ ಮುಂದೆ ವರ್ಷದ ಕೊನೆಯ ಸೇವೆಯಾಟವನ್ನು ಮುಗಿಸಿ, ಕಾಲಿನ ಗೆಜ್ಜೆಯನ್ನು ಬಿಚ್ಚಿಡುತ್ತಾರೆ. ದೀಪಾವಳಿ ಕಳೆದು ಮತ್ತೆ ತಿರುಗಾಟ ಹೊರಡುವವರೆಗೆ ಆ ಗೆಜ್ಜೆಗೆ ವಿಶ್ರಾಂತಿ.

ಪಟ್ಟಣಗಳ ತರುಣರ ರಾಕ್ ಬ್ಯಾಂಡುಗಳು ವರ್ಷ ಮುಗಿಯುವಾಗ ತಮ್ಮ ಕಾರ್ಯಕ್ರಮಗಳ ಕಡೆಗೆ ಒಮ್ಮೆ ಹಿಂದಿರುಗಿ ನೋಡುವ ಪದ್ಧತಿಯೊಂದಿದೆ. ಎಷ್ಟು ಊರುಗಳಲ್ಲಿ ಹಾಡಿದೆವು, ಎಲ್ಲಿ ಜನ ಸೇರಿದರು, ಎಲ್ಲಿ ಧ್ವನಿವರ್ಧಕ ಕೈಕೊಟ್ಟಿತು, ಯಾವ ಹೊಸ ಹಾಡು ನೆಲೆಗೊಂಡಿತು ಎಂದೆಲ್ಲ ಲೆಕ್ಕ ಹಾಕುತ್ತಾರೆ. ಅದು ಒಳ್ಳೆಯ ಅಭ್ಯಾಸ. ವರ್ಷಕ್ಕೆ ಹತ್ತೋ ಇಪ್ಪತ್ತೋ ಕಾರ್ಯಕ್ರಮ ಕೊಡುವ ವಾದ್ಯವೃಂದವೊಂದು ಹೀಗೆ ಲೆಕ್ಕವಿಡುವುದಾದರೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗದ್ದೆ ಬಯಲುಗಳಲ್ಲಿ ರಾತ್ರಿಯ ಮೇಲೆ ರಾತ್ರಿ ಆಡಿದ ಮೇಳವೊಂದರ ವರ್ಷದ ಲೆಕ್ಕ ಹೇಗಿದ್ದೀತು? ಅದನ್ನು ಬರೆದವರುಂಟೆ? ಬರೆಯದೆ ಹೋದರೆ ನಮಗಾಗುವ ನಷ್ಟವೇನು? ಈ ಪ್ರಶ್ನೆಗಳನ್ನು ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಸಂಖ್ಯೆಯನ್ನೇ ನೋಡೋಣ. ನವೆಂಬರ್ ತಿಂಗಳ ನಡುವಿನಲ್ಲಿ ತಿರುಗಾಟಕ್ಕೆ ಹೊರಟ ಮೇಳ ಮೇ 24ರವರೆಗೆ ಎಡೆಬಿಡದೆ ಆಡಿತೆನ್ನಿ. ಸುಮಾರು 190 ರಾತ್ರಿಗಳಾಗುತ್ತವೆ. ಒಂದೊಂದು ರಾತ್ರಿ ಒಂದೊಂದು ಊರು. ಇಂದು ಸಿದ್ಧಕಟ್ಟೆ, ನಾಳೆ ವೇಣೂರು, ನಾಡಿದ್ದು ಬೆಳುವಾಯಿ. ಸಂಜೆ ರಂಗಸ್ಥಳ ಏಳಬೇಕು. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಬೇಕು. ಕೇಳಿ ಬಡಿದು ಊರಿಗೆ ಸುದ್ದಿ ಮುಟ್ಟಿಸಬೇಕು. ಬೆಳಗಾಗುವಾಗ ಮಂಗಳ ಹಾಡಿ, ಮುಖದ ಬಣ್ಣವನ್ನು ಎಣ್ಣೆ ಹಚ್ಚಿ ತೆಗೆದು, ಪೆಟ್ಟಿಗೆಗಳನ್ನು ಮುಚ್ಚಿ ಮುಂದಿನ ಊರಿಗೆ ಹೊರಡಬೇಕು. ಭಾಗವತ, ಮದ್ದಳೆಗಾರ, ಚೆಂಡೆಗಾರ, ವೇಷಧಾರಿಗಳಿಂದ ಹಿಡಿದು ಪೆಟ್ಟಿಗೆ ಹೊರುವವರವರೆಗೆ ಹತ್ತಾರು ಜನರ ಈ ಸಂಸಾರ ಆರು ತಿಂಗಳು ಹಗಲನ್ನು ರಾತ್ರಿ ಮಾಡಿ, ರಾತ್ರಿಯನ್ನು ಹಗಲು ಮಾಡಿ ಬದುಕುತ್ತದೆ.

ಪ್ರಸಂಗಗಳ ಮಾತಂತೂ ಇನ್ನೂ ಸ್ವಾರಸ್ಯದ್ದು. ಕಟೀಲು, ಧರ್ಮಸ್ಥಳದಂಥ ಕ್ಷೇತ್ರಗಳ ಮೇಳಗಳಲ್ಲಿ ಆಟವನ್ನು ಆಡಿಸುವವನು ಹರಕೆ ಹೊತ್ತ ಗೃಹಸ್ಥ. ಪ್ರಸಂಗವನ್ನು ಆರಿಸುವವನೂ ಅವನೇ. ಒಬ್ಬನಿಗೆ ದೇವೀಮಹಾತ್ಮೆ ಬೇಕು, ಇನ್ನೊಬ್ಬನಿಗೆ ಕ್ಷೇತ್ರಮಹಾತ್ಮೆ, ಮತ್ತೊಬ್ಬನಿಗೆ ಕುರುಕ್ಷೇತ್ರ. ಆದ್ದರಿಂದ ಇಂಥ ಮೇಳದ ಭಾಗವತನಿಗೆ ಹತ್ತಾರು ಪ್ರಸಂಗಗಳು ನಾಲಗೆಯ ತುದಿಯಲ್ಲಿರಬೇಕು. ವೇಷಧಾರಿ ನಿನ್ನೆ ಕರ್ಣನಾಗಿದ್ದರೆ ಇಂದು ರಕ್ತಬೀಜನಾಗಲು ಸಿದ್ಧನಿರಬೇಕು. ಡೇರೆ ಮೇಳಗಳ ರೀತಿ ಬೇರೆ. ಟಿಕೇಟು ಮಾರಿ ಬದುಕಬೇಕಾದ ಸುರತ್ಕಲ್ ಮೇಳ, ಕರ್ನಾಟಕ ಮೇಳಗಳಂಥವು ವರ್ಷಕ್ಕೊಂದು ಹೊಸ ಪ್ರಸಂಗವನ್ನು ಕಟ್ಟಿ, ಅದು ಗೆದ್ದರೆ ಊರಿಂದೂರಿಗೆ ಅದನ್ನೇ ಹೊತ್ತೊಯ್ಯುತ್ತಿದ್ದವು. ತುಳು ಪ್ರಸಂಗಗಳು ಮನೆಮಾತಾದದ್ದು ಆ ಡೇರೆಗಳ ಕೆಳಗೆ. ಮಿಜಾರು ಅಣ್ಣಪ್ಪನವರ ಹಾಸ್ಯವನ್ನೂ ಅರುವ ಕೊರಗಪ್ಪ ಶೆಟ್ಟರ ವೇಷಗಳನ್ನೂ ಹುಡುಕಿಕೊಂಡು ಜನ ಮೈಲಿಗಟ್ಟಲೆ ನಡೆದುಬಂದ ಕಾಲವದು. ಇಂದು ಆ ಡೇರೆಗಳಿಲ್ಲ. ಮೇಳಗಳೂ ನಿಂತಿವೆ. ಒಂದು ಕಡೆ ಭಕ್ತನ ಇಷ್ಟ, ಇನ್ನೊಂದು ಕಡೆ ಪ್ರೇಕ್ಷಕನ ರುಚಿ ಎಂಬ ಈ ಎರಡು ಒಡೆಯರ ಕೈಕೆಳಗೆ ನಮ್ಮ ರಂಗಭೂಮಿ ಬೆಳೆಯಿತೆಂಬುದನ್ನು ಮರೆಯುವಂತಿಲ್ಲ.

ಈಗ ಲೆಕ್ಕದ ಇನ್ನೊಂದು ಪುಟಕ್ಕೆ ಬರೋಣ. ಪತ್ತನಾಜೆಯ ಮರುದಿನ ಕಲಾವಿದನ ಮನೆಯಲ್ಲಿ ಏನಾಗುತ್ತದೆ? ಅವನ ಸಂಬಳ ತಿರುಗಾಟದ ದಿನಗಳಿಗೆ ಗೊತ್ತುಮಾಡಿದ್ದು. ಮಳೆಗಾಲ ಹಿಡಿಯುವುದು, ಶಾಲೆ ಕಾಲೇಜುಗಳು ತೆರೆಯುವುದು, ದುಡಿಮೆ ನಿಲ್ಲುವುದು, ಈ ಮೂರೂ ಒಂದೇ ಸಮಯಕ್ಕೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಮೇಳದವರ ಮಕ್ಕಳು ತರಗತಿಯಲ್ಲಿರುತ್ತಿದ್ದರು. ಜೂನ್ ತಿಂಗಳಲ್ಲಿ ಕಟ್ಟಬೇಕಾದ ಶುಲ್ಕಕ್ಕೆ ಅವರು ಗಡುವು ಕೇಳುತ್ತಿದ್ದರು; ಚಳಿಗಾಲದಲ್ಲಿ ಕೇಳುತ್ತಿರಲಿಲ್ಲ. ಆಟಿ ತಿಂಗಳ ಹಸಿವಿಗೆ ಮುಂದಿನ ವರ್ಷದ ಸಂಬಳದಿಂದ ಮುಂಗಡ ತೆಗೆಯುವುದು, ಆ ಮುಂಗಡದ ಋಣಕ್ಕೆ ಮತ್ತೆ ಅದೇ ಯಜಮಾನರಲ್ಲಿ ಗೆಜ್ಜೆ ಕಟ್ಟುವುದು ಬಹಳ ಕಾಲ ನಡೆದುಬಂದ ಕ್ರಮ. ರಂಗದ ಮೇಲೆ ಇಂದ್ರನ ಸಿಂಹಾಸನಕ್ಕೇ ಲಗ್ಗೆ ಹಾಕಿದವನು ಮನೆಯಲ್ಲಿ ಅಕ್ಕಿಯ ಲೆಕ್ಕ ಹಾಕುತ್ತ ಕುಳಿತಿರುತ್ತಿದ್ದ.

ಈ ಆರು ತಿಂಗಳ ಬಿಡುವನ್ನು ತುಂಬಲು ಕಲಾವಿದರೇ ದಾರಿಗಳನ್ನು ಕಂಡುಕೊಂಡಿದ್ದಾರೆ. ಒಂದು ಚಿಕ್ಕಮೇಳ. ಇಬ್ಬರು ವೇಷಧಾರಿಗಳು, ಒಬ್ಬ ಭಾಗವತ, ಚೆಂಡೆ ಮದ್ದಳೆಯವರು ಮಳೆಗಾಲದ ಸಂಜೆ ಮನೆಮನೆಗೆ ಬಂದು, ದೀಪ ಹಚ್ಚಿದ ಚಾವಡಿಯಲ್ಲಿ ಚಿಕ್ಕದೊಂದು ಕಥಾಭಾಗವನ್ನು ಆಡಿ, ಮನೆಯವರು ಕೊಟ್ಟದ್ದನ್ನು ಸ್ವೀಕರಿಸಿ ಹರಸಿ ಹೋಗುತ್ತಾರೆ. ಇನ್ನೊಂದು ತಾಳಮದ್ದಳೆ, ಅದಕ್ಕೆ ಬಣ್ಣವೂ ಬೇಡ, ಬಯಲೂ ಬೇಡ. ಮೂರನೆಯದು ಬೆಂಗಳೂರು, ಮುಂಬಯಿಗಳ ಮಳೆಗಾಲದ ಪ್ರವಾಸ. ಪ್ರಸಿದ್ಧ ಹಾಸ್ಯಗಾರ ಬಂಟ್ವಾಳ ಜಯರಾಮ ಆಚಾರ್ಯರು 2024ರ ಅಕ್ಟೋಬರಿನಲ್ಲಿ ತೀರಿಕೊಂಡದ್ದು ಆಟಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ. ಜೀವಮಾನವಿಡೀ ಜನರನ್ನು ನಗಿಸಿದವರಿಗೆ ಕೊನೆಗೂ ತಿರುಗಾಟದಲ್ಲಿಯೇ ವಿದಾಯವಾಯಿತು.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಪಿಡುಗಿನಿಂದಾಗಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಮೇಳಗಳೂ ನಡುದಾರಿಯಲ್ಲಿ ನಿಂತವು. ಮರುವರ್ಷದ ಬೇಸಿಗೆಯಲ್ಲಿಯೂ ಹಾಗೆಯೇ ಆಯಿತು. ಎರಡು ವರ್ಷ ಪತ್ತನಾಜೆ ಮುಂಚೆಯೇ ಬಂದಂತಾಯಿತು. ಕಲಾವಿದನ ಬದುಕು ಎಷ್ಟು ತೆಳುವಾದ ನೂಲಿನ ಮೇಲೆ ನಿಂತಿದೆಯೆಂಬುದು ಆಗ ನಮ್ಮಂಥ ಪ್ರೇಕ್ಷಕರಿಗೂ ಕಾಣಿಸಿತು. ಇಂದು ಯಕ್ಷಧ್ರುವ ಪಟ್ಲ ಫೌಂಡೇಶನ್‌ನಂಥ ಸಂಸ್ಥೆಗಳು ಕಲಾವಿದರ ವಿಮೆ, ಮನೆ, ಚಿಕಿತ್ಸೆಗಳ ಕಡೆ ಗಮನ ಕೊಡುತ್ತಿರುವುದು ಸಮಾಧಾನದ ಸಂಗತಿ. ಆದರೆ ನೆರವು ಬೇರೆ, ವ್ಯವಸ್ಥೆ ಬೇರೆ. ಮಳೆಗಾಲದ ಸಂಬಳವೂ ತಿರುಗಾಟದ ವೆಚ್ಚದಲ್ಲಿ ಸೇರಬೇಕಾದ ಬಾಬ್ತು ಎಂಬ ತಿಳಿವಳಿಕೆ ಇನ್ನೂ ಎಲ್ಲೆಡೆ ನೆಲೆಗೊಳ್ಳಬೇಕಾಗಿದೆ.

ಇನ್ನು ರಾತ್ರಿಯ ಮಾತು. ನಮ್ಮ ಆಟ ಇಡೀ ರಾತ್ರಿಯ ಆಟ. ಕೋಡಂಗಿ, ಬಾಲಗೋಪಾಲರಿಂದ ತೊಡಗುವ ಪೂರ್ವರಂಗ, ಬಳಿಕ ಒಡ್ಡೋಲಗ, ನಡುರಾತ್ರಿ ಕಳೆದ ಮೇಲೆ ಬಣ್ಣದ ವೇಷದ ಅಬ್ಬರ, ಬೆಳಗಿನ ಜಾವಕ್ಕೆ ಯುದ್ಧ ಮತ್ತು ಮಂಗಳ. ದೇವೀಮಹಾತ್ಮೆಯ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವೆಯೇ ನುಗ್ಗಿಬರುವಾಗ ತೂಕಡಿಸುತ್ತಿದ್ದ ಮಕ್ಕಳು ತಾಯಿಯ ಸೆರಗನ್ನು ಹಿಡಿಯುವುದು ಆ ಹೊತ್ತಿನ ಮಹಿಮೆ. ಸಂಜೆ ಎಂಟು ಗಂಟೆಗೆ ಅವನು ಬಂದರೆ ಭಯವೂ ಅರ್ಧ, ಭಕ್ತಿಯೂ ಅರ್ಧ. ಈಚಿನ ವರ್ಷಗಳಲ್ಲಿ ಧರ್ಮಸ್ಥಳವೂ ಸೇರಿದಂತೆ ಹಲವು ಮೇಳಗಳು ಕಾಲಮಿತಿಯ ಪ್ರಯೋಗಕ್ಕೆ ಬಂದಿವೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕುವ, 2000ದಲ್ಲಿ ಬಂದ ನಿಯಮಗಳೂ ಇದಕ್ಕೆ ಒಂದು ಕಾರಣ. ಬೆಳಗ್ಗೆ ಕಚೇರಿಗೆ ಹೋಗಬೇಕಾದ ಪ್ರೇಕ್ಷಕ ನಡುರಾತ್ರಿಗೆ ಎದ್ದು ಹೋಗುವುದು ಇನ್ನೊಂದು ಕಾರಣ.

ಕಾಲಮಿತಿಯನ್ನು ಸುಮ್ಮನೆ ಹಳಿಯುವುದು ಸರಿಯಲ್ಲ. ಖಾಲಿ ಕುರ್ಚಿಗಳ ಮುಂದೆ ಬೆಳಗಿನವರೆಗೆ ಕುಣಿಯುವುದರಲ್ಲಿ ಕಲೆಗೂ ಗೌರವವಿಲ್ಲ, ಕಲಾವಿದನಿಗೂ ಸುಖವಿಲ್ಲ. ಆಟ ಮುಗಿಸಿ ನಿದ್ದೆಗಣ್ಣಿನಲ್ಲಿ ದ್ವಿಚಕ್ರ ವಾಹನವೇರಿ ಮನೆಗೆ ಮರಳುವಾಗ ರಸ್ತೆಯಲ್ಲಿ ಜೀವ ಕಳೆದುಕೊಂಡವರ ಸುದ್ದಿಯನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಓದಿದ್ದೇವೆ. ಆದರೆ ರಾತ್ರಿ ಕಿರಿದಾದಾಗ ಮೊದಲು ಕತ್ತರಿ ಬೀಳುವುದು ಎಲ್ಲಿಗೆ ಎಂಬುದನ್ನು ಯೋಚಿಸಬೇಕು. ಅದು ಬೀಳುವುದು ಪೂರ್ವರಂಗಕ್ಕೆ. ಪೂರ್ವರಂಗವಾದರೋ ಬರಿಯ ಅಲಂಕಾರವಲ್ಲ. ಕಲಿಯುವ ಹುಡುಗರ ಪಾಠಶಾಲೆ. ಕೋಡಂಗಿಯಾಗಿ ಹೆಜ್ಜೆ ಕಲಿತವನು ಬಾಲಗೋಪಾಲನಾಗಿ, ಸ್ತ್ರೀವೇಷವಾಗಿ, ಪುಂಡುವೇಷವಾಗಿ, ಕ್ರಮೇಣ ಕಿರೀಟಕ್ಕೆ ಅರ್ಹನಾಗುತ್ತಿದ್ದ. ಸಂಜೆಯ ಒಂದು ಗಂಟೆಯನ್ನು ಉಳಿಸಿದೆವೆಂದು ನಾವು ತಿಳಿದಿರುವಾಗ ನಾಳಿನ ಕಲಾವಿದನ ಒಂದು ವರ್ಷವನ್ನು ಕಳೆದಿರುತ್ತೇವೆ. ಇದು ಖರ್ಚಿನ ಬಾಬ್ತಿನಲ್ಲಿ ಕಾಣದ ಖರ್ಚು.

ಇಂಥ ಕಾಣದ ಖರ್ಚುಗಳನ್ನು ಕಾಣಿಸುವುದಕ್ಕೆ ದಿನಚರಿ ಬೇಕು. ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರನ ಕಾಲದ ಫಿಲಿಪ್ ಹೆನ್ಸ್ಲೋ ಎಂಬ ನಾಟಕಶಾಲೆಯ ಯಜಮಾನನೊಬ್ಬ 1592ರಿಂದ ಕೆಲವು ವರ್ಷ ಒಂದು ಲೆಕ್ಕದ ಪುಸ್ತಕವನ್ನಿಟ್ಟ. ಯಾವ ದಿನ ಯಾವ ನಾಟಕ, ಎಷ್ಟು ಹಣ ಕೂಡಿತು, ಯಾವ ಉಡುಪಿಗೆ ಎಷ್ಟು ಕೊಟ್ಟೆ, ಯಾವ ಕವಿಗೆ ಎಷ್ಟು ಸಾಲ, ಇಷ್ಟೆ. ಆತ ವಿದ್ವಾಂಸನಲ್ಲ, ವ್ಯಾಪಾರಿ. ಆದರೂ ಆ ಕಾಲದ ರಂಗಭೂಮಿಯ ಬಗ್ಗೆ ವಿದ್ವಾಂಸರಿಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಆ ಪುಸ್ತಕದ ಕೊಡುಗೆ. ಪಠ್ಯವೇ ಕಳೆದುಹೋದ ಎಷ್ಟೋ ನಾಟಕಗಳ ಹೆಸರು ಉಳಿದಿರುವುದು ಅದೊಂದರಲ್ಲಿಯೇ. ನಮ್ಮ ಮೇಳಗಳ ವ್ಯವಸ್ಥಾಪಕರ ಬಳಿಯೂ ಅಂಥ ಪುಸ್ತಕಗಳಿರುತ್ತವೆ: ಆಟಕ್ಕೆ ವೀಳ್ಯ ಕೊಟ್ಟವರ ಹೆಸರು, ಊರು, ತಾರೀಖು, ಪ್ರಸಂಗ. ವರ್ಷ ಮುಗಿದೊಡನೆ ಅವು ರದ್ದಿಯ ಪಾಲಾಗುವುದಾದರೆ ಅದಕ್ಕಿಂತ ದೊಡ್ಡ ದುಂದುವೆಚ್ಚ ಬೇರೆಯಿಲ್ಲ.

ಇಷ್ಟರವರೆಗೆ ನಮ್ಮ ದಿನಚರಿಯಾಗಿದ್ದುದು ಹಿರಿಯರ ನೆನಪು. ಆ ಪುಸ್ತಕದ ಪುಟಗಳು ಒಂದೊಂದಾಗಿ ಉದುರುತ್ತಿವೆ. ಧರ್ಮಸ್ಥಳ ಮೇಳದಲ್ಲಿ ಮಾತಿನ ಮಂಟಪ ಕಟ್ಟಿದ ಕುಂಬ್ಳೆ ಸುಂದರ ರಾಯರು 2022ರಲ್ಲಿ ಹೋದರು. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲಸಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ಕಟೀಲು ಮೇಳದ ರಂಗಸ್ಥಳದಲ್ಲಿ ದಶಕಗಳ ಕಾಲ ಹಾಡಿದ, ಐದು ದಿನಗಳ ದೇವೀಮಹಾತ್ಮೆಯನ್ನು ರಚಿಸಿದ ಅವರ ಕಂಠದಲ್ಲಿ ಒಂದು ಗ್ರಂಥಾಲಯವೇ ಇತ್ತು. ತೆಂಕುತಿಟ್ಟಿನ ಭಾಗವತಿಕೆಯನ್ನು ವೃತ್ತಿಯಾಗಿ ಕೈಗೊಂಡ ಮೊದಲ ಮಹಿಳೆ ಲೀಲಾವತಿ ಬೈಪಾಡಿತ್ತಾಯರು 2024ರಲ್ಲಿ ಹೋದರು. ಅವರ ಹಾಡು ಧ್ವನಿಮುದ್ರಣಗಳಲ್ಲಿ ಉಳಿದಿದೆ. 1976ರಲ್ಲಿ ತೊಡಗಿದ ಮಂಗಳೂರು ಆಕಾಶವಾಣಿಯಂಥ ಸಂಸ್ಥೆಗಳಿಗೂ ಅದರಲ್ಲಿ ಪಾಲುಂಟು. ಆದರೆ ಯಾವ ಊರಿನಲ್ಲಿ, ಯಾವ ರಾತ್ರಿ, ಯಾರೊಡನೆ, ಯಾವ ಪದ್ಯವನ್ನು ಬಿಟ್ಟು ಯಾವುದನ್ನು ಹಿಡಿದರು ಎಂಬ ವಿವರ ಅವರೊಂದಿಗೇ ಹೋಯಿತು.

ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಸಂದಾಗ, ಬಯಲಿನ ಆಟವೂ ಅಧ್ಯಯನಕ್ಕೆ ಅರ್ಹವೆಂದು ನಾಡು ಒಪ್ಪಿದಂತಾಯಿತು. ಇನ್ನು ಬೇಕಾದದ್ದು ಅಧ್ಯಯನಕ್ಕೆ ಆಧಾರವಾಗುವ ದಿನದಿನದ ದಾಖಲೆ. ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಪ್ರತಿ ಮೇಳವೂ ಒಂದು ದಪ್ಪ ಪುಸ್ತಕವನ್ನಿಡಲಿ. ತಾರೀಖು, ಊರು, ಪ್ರಸಂಗ, ಪಾತ್ರಗಳ ಹಂಚಿಕೆ, ಹಿಮ್ಮೇಳದವರು, ತೊಡಗಿದ ಮತ್ತು ಮುಗಿದ ಹೊತ್ತು, ಆ ರಾತ್ರಿ ಮೊದಲ ಸಲ ಗೆಜ್ಜೆ ಕಟ್ಟಿದ ಹುಡುಗನ ಹೆಸರು, ಇಷ್ಟು ಬರೆದರೆ ಸಾಕು. ಪತ್ತನಾಜೆಯ ಮರುದಿನ ಅದರ ಒಂದು ಪ್ರತಿ ಉಜಿರೆಯ ಅಥವಾ ಮೂಡುಬಿದಿರೆಯ ಕಾಲೇಜಿನ ಗ್ರಂಥಾಲಯಕ್ಕೋ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೋ ಸೇರಲಿ. ಮಳೆಗಾಲದಲ್ಲಿ ಅದನ್ನು ತೆರೆದು ಕುಳಿತರೆ, ವರ್ಷದಲ್ಲಿ ಎಷ್ಟು ಪ್ರಸಂಗ ಬಿಟ್ಟುಹೋಯಿತು, ಪೂರ್ವರಂಗಕ್ಕೆ ಎಷ್ಟು ಹೊತ್ತು ದೊರೆಯಿತು, ಎಷ್ಟು ಹೊಸಬರು ಬಂದರು ಎಂಬುದು ಮೇಳಕ್ಕೇ ತಿಳಿಯುತ್ತದೆ. ಸಂಬಳದ ಮಾತು ಬಂದಾಗ ಕಲಾವಿದನ ಕೈಯಲ್ಲಿಯೂ ಒಂದು ಆಧಾರವಿರುತ್ತದೆ.

ಬರೆದಿಡುವುದು ಈ ನೆಲಕ್ಕೆ ಹೊಸತಲ್ಲ. ಬೇರೆಲ್ಲಿಯೂ ಉಳಿಯದ ಧವಲಾ, ಜಯಧವಲಾ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಮಳೆ ಗೆದ್ದಲುಗಳಿಂದ ಕಾಪಾಡಿ ಲೋಕಕ್ಕೆ ಒಪ್ಪಿಸಿದ್ದು ಇದೇ ಮೂಡುಬಿದಿರೆ. ಬಸದಿಯ ಕತ್ತಲೆಯಲ್ಲಿ ಶಾಸ್ತ್ರವನ್ನು ಉಳಿಸಿದ ಜನಕ್ಕೆ ಬಯಲಿನ ಬೆಳಕಿನಲ್ಲಿ ಆಡಿದ ಆಟದ ಲೆಕ್ಕವನ್ನು ಉಳಿಸುವುದು ಕಷ್ಟವೇನಲ್ಲ. ಬಿಚ್ಚಿಟ್ಟ ಗೆಜ್ಜೆಯನ್ನು ದೀಪಾವಳಿಯ ಬಳಿಕ ಮತ್ತೆ ಕಟ್ಟಬಹುದು. ಕಳೆದ ರಾತ್ರಿಯನ್ನು ಹಾಗೆ ಕಟ್ಟಲಾಗದು, ಬರೆದಿಡಬಹುದು.