ಅರ್ಜಿ ಬರೆದುಕೊಡುವುದೂ ಸದಕವೇ
(ಜುಮಾ ಖುತ್ಬಾದ ಸಂಗ್ರಹ)

ಅಲ್ಲಾಹನನ್ನು ಸ್ತುತಿಸಿ, ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸ್ವಲಾತ್ ಹೇಳಿ ಮಾತು ಆರಂಭಿಸೋಣ. ಸಹೋದರರೇ, ನಮಗೂ ನಿಮಗೂ ಮೊದಲ ಉಪದೇಶ ತಕ್ವಾದ್ದೇ ಆಗಿದೆ. ಅಲ್ಲಾಹನ ಭಯವು ನಮಾಝಿನ ಸಫ್‌ನಲ್ಲಿ ಮಾತ್ರ ಇದ್ದರೆ ಸಾಲದು. ನೆರೆಮನೆಯ ಅಡುಗೆಕೋಣೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ವಿಚಾರಿಸುವಾಗಲೂ ಅದು ನಮ್ಮ ಜೊತೆಗಿರಬೇಕು.

ರಮಝಾನ್ ಬಂದಾಗ ನಮ್ಮ ಮಸೀದಿಯ ಬಾಗಿಲಲ್ಲಿ ಕೈ ಚಾಚಿದವರಿಗೆ ಏನಾದರೂ ಸಿಗುತ್ತದೆ. ಆದರೆ ಕೈ ಚಾಚದವರ ಸಂಗತಿ ಏನು? ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದ 273ನೇ ಸೂಕ್ತದಲ್ಲಿ ಇಂಥವರ ಬಗ್ಗೆಯೇ ಹೇಳಿದೆ. ಅವರ ಸ್ವಾಭಿಮಾನವನ್ನು ಕಂಡು, ತಿಳಿಯದವರು ಅವರನ್ನು ಅನುಕೂಲಸ್ಥರೆಂದೇ ಭಾವಿಸುತ್ತಾರೆ. ಅವರು ಜನರ ಬೆನ್ನುಬಿದ್ದು ಬೇಡುವುದಿಲ್ಲ. ಮುಖ ನೋಡಿ ಗುರುತಿಸಬೇಕಾದವರು ಅವರು. ಒಂದೆರಡು ತುತ್ತಿಗಾಗಿ ಮನೆಮನೆ ಅಲೆಯುವವನಿಗಿಂತ, ಸಾಕಷ್ಟಿಲ್ಲದೆಯೂ ಯಾರ ಗಮನಕ್ಕೂ ಬಾರದವನೇ ನಿಜವಾದ ಮಿಸ್ಕೀನ್ ಎಂಬ ಅರ್ಥದ ಪ್ರವಾದಿವಚನವೂ ಇದೆ. ಹಾಗಾದರೆ ಬಡವನನ್ನು ಹುಡುಕಿಕೊಂಡು ಹೋಗುವ ಹೊಣೆ ಕೊಡುವವನದ್ದೇ ಆಗಿದೆ.

ಅಬೂದಾವೂದ್‌ನಲ್ಲಿ ವರದಿಯಾಗಿರುವ ಒಂದು ಘಟನೆ ನಿಮಗೆಲ್ಲ ಗೊತ್ತಿದೆ. ಅನ್ಸಾರ್‌ಗಳಲ್ಲೊಬ್ಬರು ಪ್ರವಾದಿ(ಸ)ರ ಬಳಿ ಬಂದು ಸಹಾಯ ಯಾಚಿಸಿದರು. ಪ್ರವಾದಿವರ್ಯರು(ಸ) ಮೊದಲು ಕೇಳಿದ್ದು, ಮನೆಯಲ್ಲಿ ಏನಿದೆ ಎಂದು. ಒಂದು ಕಂಬಳಿ, ನೀರು ಕುಡಿಯುವ ಒಂದು ಪಾತ್ರೆ, ಅಷ್ಟೇ. ಅವೆರಡನ್ನೂ ತರಿಸಿ ಹರಾಜು ಹಾಕಿದರು. ಎರಡು ದಿರ್ಹಮ್ ಬಂತು. ಒಂದರಲ್ಲಿ ಮನೆಯವರಿಗೆ ಆಹಾರ ಕೊಳ್ಳಲು ಹೇಳಿದರು, ಇನ್ನೊಂದರಲ್ಲಿ ಕೊಡಲಿ ತರಲು ಹೇಳಿದರು. ಆ ಕೊಡಲಿಗೆ ತಮ್ಮ ಕೈಯಾರೆ ಹಿಡಿ ಹಾಕಿಕೊಟ್ಟರು. ಕಟ್ಟಿಗೆ ಕಡಿದು ಮಾರುವಂತೆಯೂ ಹದಿನೈದು ದಿನ ತಮ್ಮ ಕಣ್ಣಿಗೆ ಬೀಳಬಾರದೆಂದೂ ಹೇಳಿ ಕಳುಹಿಸಿದರು. ಆತ ಮರಳಿ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್ ಇತ್ತು.

ಸಹೋದರರೇ, ಇಲ್ಲಿ ನಡೆದದ್ದನ್ನು ಗಮನಿಸಿ. ಪ್ರವಾದಿವರ್ಯರು(ಸ) ಮನೆಯ ಸ್ಥಿತಿ ವಿಚಾರಿಸಿದರು. ಅಂದಿನ ಹಸಿವಿಗೆ ಅಂದೇ ದಾರಿ ಮಾಡಿದರು. ನಾಳೆಯ ದುಡಿಮೆಗೆ ಸಾಧನ ಒದಗಿಸಿದರು. ಎರಡು ವಾರ ಕಳೆದ ಮೇಲೆ ಏನಾಯಿತೆಂದೂ ನೋಡಿದರು. ನಮ್ಮ ಜಮಾಅತಿನ ಕಟ್ಟಡದ ಕೆಳಗಿನ ಕೋಣೆಯಲ್ಲಿ ಈ ತಿಂಗಳು ಆರಂಭವಾಗಲಿರುವ ಮಾಹಿತಿ ಮತ್ತು ನೆರವು ಕೇಂದ್ರ ಮಾಡಬೇಕಾದದ್ದೂ ಇದನ್ನೇ. ಅಲ್ಲಿ ಹಣ ಹಂಚುವುದು ಮುಖ್ಯವಲ್ಲ. ಸಿಗಬೇಕಾದದ್ದು ಸಿಗಬೇಕಾದವರಿಗೆ ತಲುಪುವಂತೆ ಮಾಡುವುದು ಮುಖ್ಯ.

ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ್ದಾರೆ. ಹತ್ತು ವರ್ಷ ಪಿ.ಎಫ್. ಕಟ್ಟಿದವರಿಗೆ 58 ತುಂಬಿದ ಮೇಲೆ ಪಿಂಚಣಿಯ ಹಕ್ಕಿದೆ. ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಗಾರೆ ಕೆಲಸ, ಸೆಂಟ್ರಿಂಗ್, ಪೈಂಟಿಂಗ್ ಮಾಡುವ ನಮ್ಮ ಹುಡುಗರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಗಂಡನನ್ನು ಕಳೆದುಕೊಂಡ ಬಡ ಹೆಣ್ಣುಮಗಳಿಗೆ ತಿಂಗಳಿಗೆ 800 ರೂ. ವಿಧವಾ ವೇತನವಿದೆ. 65 ದಾಟಿದ ಬಡ ವೃದ್ಧರಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂ. ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆಯ ವ್ಯವಸ್ಥೆಯಿದೆ. ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದಲೇ ಪತ್ರ ಪಡೆಯಬೇಕು. ಈ ಕ್ರಮ ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದವರು ಬಿಲ್ಲು ಕಟ್ಟಲು ಚಿನ್ನ ಅಡವಿಟ್ಟು ಬರುತ್ತಾರೆ. ಆಮೇಲೆ ಮಸೀದಿಗೆ ಸಹಾಯದ ಅರ್ಜಿ ಬರುತ್ತದೆ. ವಾರದ ಹಿಂದೆ ಒಂದು ಮಾತು ಹೇಳುವವರಿದ್ದರೆ ಆ ಚಿನ್ನ ಮನೆಯಲ್ಲೇ ಉಳಿಯುತ್ತಿತ್ತು.

ಇರುವ ಸವಲತ್ತು ಏಕೆ ತಲುಪುವುದಿಲ್ಲ? ಕಾರಣಗಳು ಸಣ್ಣವು. ಆಧಾರ್‌ನಲ್ಲಿ ಖತೀಜ, ಪಡಿತರ ಚೀಟಿಯಲ್ಲಿ ಕತಿಜಮ್ಮ, ಪಾಸ್‌ಬುಕ್ಕಿನಲ್ಲಿ ಖದೀಜಾ ಬಿ. ಒಬ್ಬಳೇ ತಾಯಿ, ಕಾಗದದಲ್ಲಿ ಮೂವರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಮನೆಯ ಯಜಮಾನಿ ತೀರಿಕೊಂಡ ಮೇಲೂ ಕಾರ್ಡಿನಲ್ಲಿ ಅವರ ಹೆಸರೇ ಇರುತ್ತದೆ, ಗೃಹಲಕ್ಷ್ಮಿಯ 2,000 ರೂ. ಸೊಸೆಗೆ ಬರುವುದಿಲ್ಲ. ನಾಡಕಚೇರಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ. ನಾಳೆ ಬನ್ನಿ ಎಂದರೆ ಇನ್ನೊಂದು ದಿನದ್ದೂ ಹೋಗುತ್ತದೆ. ಮೂರನೆಯ ಸಲ ಆಕೆ ಹೋಗುವುದೇ ಇಲ್ಲ, ಅಥವಾ ಮಧ್ಯವರ್ತಿಯ ಕೈಗೆ ಹಣ ಕೊಡುತ್ತಾಳೆ. ಸಕಾಲ ಎಂಬ ಕಾನೂನು 2011ರಿಂದಲೇ ಇದೆ. ಅದರಡಿ ಬರುವ ಸೇವೆಗಳಿಗೆ ದಿನಗಳ ಗಡುವಿದೆ, ಅರ್ಜಿಗೆ ಒಂದು ಸಂಖ್ಯೆ ಸಿಗುತ್ತದೆ, ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ಆ ಸಂಖ್ಯೆಯನ್ನು ಕೇಳಿ ಪಡೆಯಬೇಕೆಂಬ ತಿಳಿವಳಿಕೆ ಇದ್ದವನು ಒಬ್ಬ ಜೊತೆಗಿದ್ದರೆ ಸಾಕು, ಕೆಲಸದ ರೀತಿಯೇ ಬದಲಾಗುತ್ತದೆ.

ಸಾಲದ ವಿಷಯವನ್ನೂ ಹೇಳಲೇಬೇಕು. ಬಡ್ಡಿ ಹರಾಮ್ ಎಂದು ನಾವು ಮಿಂಬರಿನಲ್ಲಿ ಹೇಳುತ್ತೇವೆ, ಹೇಳಲೇಬೇಕು. ಆದರೆ ವಾರದ ಕಂತು ಕಟ್ಟಲಾಗದೆ, ಬಾಗಿಲಿಗೆ ಬಂದು ಕುಳಿತವರ ಮಾತು ಕೇಳುತ್ತಾ ಒಳಗೆ ಬಾಯಿಗೆ ಸೆರಗು ಒತ್ತಿಕೊಂಡ ಸಹೋದರಿಗೆ ಅಷ್ಟರಿಂದಲೇ ಬಿಡುಗಡೆ ಸಿಗುವುದಿಲ್ಲ. ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಕೊಟ್ಟಿದೆ. ತಾಲೂಕಿನ ನ್ಯಾಯಾಲಯದಲ್ಲೇ ಅದರ ಸಮಿತಿ ಇದೆ. ಇದನ್ನು ಆಕೆಗೆ ತಿಳಿಸುವುದು, ಜೊತೆಗೆ ಹೋಗುವುದು, ಸಾಧ್ಯವಾದರೆ ಝಕಾತಿನಿಂದ ಸಾಲ ತೀರಿಸಿ ಕೊಡುವುದು, ಇವು ಬಡ್ಡಿಯ ವಿರುದ್ಧದ ಖುತ್ಬಾದ ಉಳಿದ ಭಾಗ.

ಅತ್ತೌಬ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತಿಗೆ ಅರ್ಹರಾದ ಎಂಟು ವರ್ಗಗಳನ್ನು ಅಲ್ಲಾಹನು ಎಣಿಸಿದ್ದಾನೆ. ಸಾಲದಲ್ಲಿ ಸಿಲುಕಿದವರು ಅದರಲ್ಲಿದ್ದಾರೆ. ಬಡವರು, ದರಿದ್ರರು ಆದ ಕೂಡಲೇ ಮೂರನೆಯದಾಗಿ ಬರುವುದು ಯಾರು? ಝಕಾತಿನ ಕೆಲಸ ಮಾಡುವವರು. ಸಂಗ್ರಹಿಸುವುದು, ಲೆಕ್ಕ ಇಡುವುದು, ತಲುಪಿಸುವುದು ಒಂದು ವ್ಯವಸ್ಥಿತ ಕೆಲಸ ಎಂಬುದನ್ನು ಕುರ್‌ಆನ್ ಹೀಗೆ ಕಲಿಸಿದೆ. ಅನ್ನಿಸಾಅ್ ಅಧ್ಯಾಯದ 85ನೇ ಸೂಕ್ತವನ್ನೂ ನೆನಪಿಸಿಕೊಳ್ಳಿ. ಒಳಿತಿಗಾಗಿ ಶಿಫಾರಸು ಮಾಡಿದವನಿಗೆ ಆ ಒಳಿತಿನಲ್ಲಿ ಪಾಲಿದೆ ಎಂಬುದು ಅದರ ಸಾರ. ಜೇಬು ಖಾಲಿ ಇರುವವನಿಗೂ ಇದು ದೊಡ್ಡ ಅವಕಾಶ. ಕಚೇರಿಯ ಕಾಗದ ಓದಬಲ್ಲ ಕಣ್ಣು, ಅರ್ಜಿ ಬರೆಯಬಲ್ಲ ಕೈ, ಅಧಿಕಾರಿಯ ಮುಂದೆ ವಿನಯದಿಂದ ನಿಂತು ಮಾತಾಡಬಲ್ಲ ನಾಲಿಗೆ, ಇವೂ ಅಲ್ಲಾಹನು ಕೊಟ್ಟ ಸಂಪತ್ತು. ಇವುಗಳಿಂದಲೂ ಸದಕ ಕೊಡಬಹುದು.

ಈ ಕೇಂದ್ರಕ್ಕೆ ಮೂರು ಮರ್ಯಾದೆಗಳು ಇರಲಿ. ಒಂದು, ಅಮಾನತ್. ಅಲ್ಲಿ ಹೇಳಿದ ಕಷ್ಟ ಅಂಗಡಿ ಬೆಂಚಿನ ಮಾತಾಗಬಾರದು. ಕೊಟ್ಟು ಹಂಗಿಸುವವನ ದಾನ ವ್ಯರ್ಥವಾಗುತ್ತದೆಂದು ಕುರ್‌ಆನ್ ಎಚ್ಚರಿಸಿದೆ. ಆದ್ದರಿಂದ ಪಡೆಯುವವರ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಬೇಡವೇ ಬೇಡ. ಎರಡು, ಸತ್ಯ. ಅರ್ಹತೆ ಇಲ್ಲದವರಿಗೆ ಸುಳ್ಳು ಆದಾಯ ಬರೆದುಕೊಡುವುದು ನೆರವಲ್ಲ, ಬೇರೊಬ್ಬ ಬಡವನ ಪಾಲಿನ ಮೇಲೆ ಕೈ ಹಾಕುವುದು. ಮೂರು, ಬಾಗಿಲು ಎಲ್ಲರಿಗೂ ತೆರೆದಿರಲಿ. ಬೇಡುತ್ತಿದ್ದ ಒಬ್ಬ ಕುರುಡ ವೃದ್ಧ ಯಹೂದಿಯನ್ನು ಕಂಡು ಹಝ್ರತ್ ಉಮರ್(ರ) ಆತನನ್ನು ಮನೆಗೆ ಕರೆದೊಯ್ದು ಕೈಲಾದದ್ದು ಕೊಟ್ಟರು, ಆತನಿಗೂ ಆತನಂಥವರಿಗೂ ಬೈತುಲ್‌ಮಾಲ್‌ನಿಂದ ನೆರವು ಗೊತ್ತುಮಾಡಿದರು ಎಂದು ಇಮಾಮ್ ಅಬೂ ಯೂಸುಫ್ ದಾಖಲಿಸಿದ್ದಾರೆ. ನಮ್ಮ ಓಣಿಯ ಹಿಂದೂ, ಕ್ರೈಸ್ತ ನೆರೆಯವರ ಪಿಂಚಣಿ ಅರ್ಜಿಯನ್ನೂ ನಾವು ಅದೇ ಮೇಜಿನಲ್ಲಿ ಬರೆಯೋಣ.

ಈಗ ನಾವು ಮಾಡಬೇಕಾದದ್ದೇನು? ನಿವೃತ್ತ ಶಿಕ್ಷಕರು, ಕಚೇರಿಯಲ್ಲಿ ದುಡಿದ ಅನುಭವವುಳ್ಳವರು ವಾರಕ್ಕೆ ಎರಡು ಗಂಟೆ ಕೊಡಲಿ. ಕಾಲೇಜು ಹುಡುಗರು ಆದಿತ್ಯವಾರ ಆನ್‌ಲೈನ್ ಅರ್ಜಿಗಳಿಗೆ ಕೂರಲಿ. ಹೆಣ್ಣುಮಕ್ಕಳ ಅಹವಾಲು ಕೇಳಲು ಓದಿದ ಸಹೋದರಿಯರೇ ಮುಂದೆ ಬರಲಿ, ಅವರಿಗೆ ಬೇರೆ ಸಮಯ, ಬೇರೆ ಕೋಣೆ ಇರಲಿ. ಪ್ರತಿ ಮೊಹಲ್ಲಾದಿಂದ ಇಬ್ಬರು ಮನೆಮನೆ ಹೋಗಿ ವಿಚಾರಿಸಲಿ. ಝೆರಾಕ್ಸ್, ಕರೆಂಟು, ಬಸ್ಸಿನ ಖರ್ಚಿಗೆ ಸದಕದ ಹಣವೇ ಇರಲಿ, ಝಕಾತಿನ ಲೆಕ್ಕ ಬೇರೆಯಾಗಿರಲಿ. ಒಂದು ರಿಜಿಸ್ಟರಿನಲ್ಲಿ ಬಂದ ದಿನ, ಹಾಕಿದ ಅರ್ಜಿ, ಸಿಕ್ಕಿದ ಸಂಖ್ಯೆ, ಮತ್ತೆ ವಿಚಾರಿಸಬೇಕಾದ ದಿನ ಬರೆಯಲಿ. ಆ ಹದಿನೈದು ದಿನ ನೆನಪಿರಲಿ. ಅರ್ಜಿ ಹಾಕಿದಲ್ಲಿಗೆ ಕೆಲಸ ಮುಗಿಯುವುದಿಲ್ಲ, ಹಣ ಕೈಗೆ ಬಂದಾಗ ಮುಗಿಯುತ್ತದೆ.

ಹಿಟ್ಟಿನ ಮೂಟೆಯನ್ನು ತನ್ನ ಬೆನ್ನಿಗೇ ಏರಿಸೆಂದು ಸೇವಕ ಅಸ್ಲಮರಿಗೆ ಹೇಳಿದ ಖಲೀಫಾ ಉಮರ್(ರ)ರಿಗೆ ಗೊತ್ತಿದ್ದ ಸಂಗತಿ ಇಷ್ಟೇ. ಅಂತಿಮ ದಿನದಂದು ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ. ಇಂದು ನಮ್ಮ ನೆರೆಯವರ ಭಾರ ಒಂದು ಕಾಗದದಷ್ಟು ಹಗುರವಾಗಿ ನಮ್ಮ ಮುಂದೆ ಬಂದಿದೆ. ಅದನ್ನು ಎತ್ತಿಕೊಳ್ಳೋಣ.

ಅಲ್ಲಾಹನೇ, ಬೇಡಲಾಗದವರ ಕಷ್ಟವನ್ನು ಕಾಣುವ ಕಣ್ಣು ನಮಗೆ ಕೊಡು. ಸಾಲದಲ್ಲಿ ಇರುವವರನ್ನು ಬಿಡಿಸು, ರೋಗಿಗಳಿಗೆ ಶಿಫಾ ನೀಡು, ಈ ಕೆಲಸಕ್ಕೆ ಇಳಿಯುವವರ ನಿಯ್ಯತ್ತನ್ನು ಶುದ್ಧವಾಗಿಡು. ಆಮೀನ್.