ಟೊಮ್ಯಾಟೊಗೆ ಮಂಡಿ ಇದೆ, ಮರಕ್ಕೆ?

ಇವತ್ತು ಮರದ ಮನೆ ಬಗ್ಗೆ ಮಾತಾಡೋಣ. ಮರದ ಮನೆ ಅಂದ ಕೂಡಲೇ ಅಮೆರಿಕ, ಕೆನಡಾ ನೆನಪಾಗುತ್ತೆ. ಆದರೆ ನಾನು ನಿಮ್ಮನ್ನು ಕರ್ಕೊಂಡು ಹೋಗೋದು ಮುಳಬಾಗಿಲು ತಾಲೂಕಿನ ನಂಗಲಿಗೆ.

ನಂಗಲಿಯನ್ನು ಬರೀ ಚೆಕ್‌ಪೋಸ್ಟ್ ಊರು ಅಂದ್ಕೋಬೇಡಿ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡು, ಕೊಂಗು ಆದ ಮೇಲೆ ಬರೋ ಹೆಸರು ನಂಗಲಿ. ಅವತ್ತೂ ಗಡಿ, ಇವತ್ತೂ ಗಡಿ. ಈ ಸೀಮೆಯ ರೈತ ಎರಡು ಬೆಳೆ ಬೆಳೀತಾನೆ. ಒಂದು ಟೊಮ್ಯಾಟೊ, ಇನ್ನೊಂದು ನೀಲಗಿರಿ. ಟೊಮ್ಯಾಟೊ ಗಿಡಕ್ಕೆ ಆಸರೆಯಾಗಿ ನೆಡೋ ಕಡ್ಡಿಯೂ ಎಷ್ಟೋ ಕಡೆ ನೀಲಗಿರಿಯದ್ದೇ.

ಟೊಮ್ಯಾಟೊಗೆ ವಡ್ಡಹಳ್ಳಿ ಮಾರುಕಟ್ಟೆ ಇದೆ, ಕೋಲಾರದ ಎಪಿಎಂಸಿ ಇದೆ. ದಿನಾ ಹರಾಜು, ದಿನಾ ರೇಟು. ಬಿದ್ದರೂ ಎಷ್ಟಕ್ಕೆ ಬಿತ್ತು ಅಂತ ಗೊತ್ತಾಗುತ್ತೆ. ನೀಲಗಿರಿಗೆ? ವ್ಯಾಪಾರಿ ಬರ್ತಾನೆ, ತೋಪು ಸುತ್ತು ಹಾಕ್ತಾನೆ, ನಿಂತ ಮರಕ್ಕೆ ಒಂದು ರೇಟು ಹೇಳ್ತಾನೆ. ಒಪ್ಪಿದರೆ ಉಂಟು, ಇಲ್ಲದಿದ್ರೆ ಇಲ್ಲ. ಅರಣ್ಯ ಇಲಾಖೆಯ ಮರಕ್ಕೆ ಡಿಪೋ ಇದೆ, ಹರಾಜಿದೆ. ರೈತನ ಮರಕ್ಕೆ ಏನಿದೆ?

ಆ ಕಂಬ ಎಲ್ಲಿಗೆ ಹೋಗುತ್ತೆ ನೋಡಿ. ಬೆಂಗಳೂರಲ್ಲಿ ಮೋಲ್ಡ್ ಹಾಕ್ತಾರಲ್ಲ, ಆ ಸೆಂಟ್ರಿಂಗ್ ಅಡಿ ನಿಲ್ಲುತ್ತೆ. ಎರಡು ಮೂರು ವಾರ ಇಡೀ ತಾರಸಿಯ ಭಾರ ಹೊರುತ್ತೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಅದನ್ನು ಕಿತ್ತು ಲಾರಿಗೆ ಹಾಕ್ತಾರೆ. ನಾಲ್ಕು ಕಡೆ ಹೀಗೆ ದುಡಿದು ಕೊನೆಗೆ ಒಲೆ ಸೇರುತ್ತೆ. ಈಗ ಆ ಕೆಲಸಕ್ಕೂ ಕಬ್ಬಿಣದ ಜಾಕಿ ಬಂದಿದೆ. ಮನೆ ಎತ್ತಿ ನಿಲ್ಲಿಸಿದ ಮರಕ್ಕೆ ಮನೆಯೊಳಗೆ ಜಾಗ ಇಲ್ಲ.

ಅಮೆರಿಕದಲ್ಲಿ ಹೊಸದಾಗಿ ಕಟ್ಟೋ ಮನೆಗಳಲ್ಲಿ ಹತ್ತಕ್ಕೆ ಒಂಬತ್ತರ ಚೌಕಟ್ಟು ಮರದ್ದೇ. ಎರಡು ಇಂಚು, ನಾಲ್ಕು ಇಂಚಿನ ಪಟ್ಟಿಗಳನ್ನು ಹದಿನಾರು ಇಂಚಿಗೊಂದರಂತೆ ನಿಲ್ಲಿಸ್ತಾರೆ, ಹೊರಗೆ ಹಲಗೆ ಬಡೀತಾರೆ. ಅಲ್ಲಿ ಪ್ರತಿ ಪಟ್ಟಿಯ ಮೇಲೂ ದರ್ಜೆಯ ಮುದ್ರೆ ಇರುತ್ತೆ. ಎಷ್ಟು ಭಾರ ತಡೆಯುತ್ತೆ, ಎಷ್ಟು ಒಣಗಿದೆ ಅಂತ ಆ ಮುದ್ರೆ ಹೇಳುತ್ತೆ. ಅದನ್ನು ನಂಬಿ ಎಂಜಿನಿಯರ್ ಸಹಿ ಹಾಕ್ತಾನೆ, ಬ್ಯಾಂಕು ಸಾಲ ಕೊಡುತ್ತೆ, ವಿಮೆಯವನು ಪಾಲಿಸಿ ಬರೀತಾನೆ. ಮರದ ಮನೆಯ ಮಾರುಕಟ್ಟೆ ಕಾಡಿನಲ್ಲಿ ಹುಟ್ಟಿದ್ದಲ್ಲ ಸ್ವಾಮಿ, ಆ ಮುದ್ರೆಯಿಂದ ಹುಟ್ಟಿದ್ದು.

ನಮ್ಮಲ್ಲೇನು ಮರ ಗೊತ್ತಿರಲಿಲ್ವಾ? ತೊಟ್ಟಿ ಮನೆಯ ಕಂಬ, ಮದ್ರಾಸ್ ತಾರಸಿಯ ತೊಲೆ, ಹೆಂಚಿನ ಕೆಳಗಿನ ರೀಪರು, ಎಲ್ಲಾ ಮರವೇ. ಆಮೇಲೆ ಸಿಮೆಂಟ್ ಬಂತು, ಕಾಡು ಕರಗಿತು. 1993ರಲ್ಲಿ ಕೇಂದ್ರದ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರ ಬಳಸೋದನ್ನೇ ನಿಲ್ಲಿಸಿತು. 1996ರಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, ಸಾಮಿಲ್ಲುಗಳ ಮೇಲೆ ಹಿಡಿತ ಬಿಗಿಯಾಯಿತು. ಕಾಡು ಉಳಿಸೋಕೆ ಅದು ಬೇಕಿತ್ತು, ತಕರಾರಿಲ್ಲ. ಆದರೆ ಕಾಡಿನ ಮರಕ್ಕೆ ಹಾಕಿದ ಬೇಲಿ ಹೊಲದ ಮರಕ್ಕೂ ಬಿತ್ತು. 2020ರಲ್ಲಿ ಮರದ ಮೇಲಿನ ಲೋಕೋಪಯೋಗಿ ಇಲಾಖೆಯ ಆ ನಿರ್ಬಂಧ ತೆಗೆದರು. ಅಷ್ಟರಲ್ಲಿ ಒಂದು ತಲೆಮಾರಿನ ಬಡಗಿಗಳು ಬಾಗಿಲು, ಕಿಟಕಿ, ವಾರ್ಡ್‌ರೋಬಿಗೆ ಸೀಮಿತವಾಗಿದ್ರು.

ಈ ಬಾಗಿಲು ತೆರೆದಾಗ ಒಳಗೆ ಬರೋಕೆ ಸಿದ್ಧವಾಗಿ ನಿಂತಿದ್ದು ಯಾರು? ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ. 'ಕೆನಡಿಯನ್ ವುಡ್' ಹೆಸರಲ್ಲಿ ನಮ್ಮ ದೇಶದಲ್ಲಿ ಪ್ರಚಾರ ಮಾಡುತ್ತೆ, ಕೆಲಸಗಾರರಿಗೆ ಮರದ ಕೆಲಸದ ತರಬೇತಿ ಕೊಡುತ್ತೆ. ಅವರನ್ನು ಬೈಯೋದು ಸುಲಭ. ನಾನು ಬೈಯಲ್ಲ. ಒಂದು ಪ್ರಾಂತ್ಯದ ಸರ್ಕಾರ ತನ್ನ ಮರಕ್ಕೆ ಗಿರಾಕಿ ಹುಡುಕಿಕೊಂಡು ಸಮುದ್ರ ದಾಟಿ ಬರುತ್ತೆ. ನಂಗಲಿಯ ಮರಕ್ಕೆ ಬೆಂಗಳೂರಲ್ಲಿ ಗಿರಾಕಿ ಹುಡುಕೋಕೆ ನಮ್ಮ ಸರ್ಕಾರಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ದೂರ ಆಯ್ತಾ?

ಹಾಗಂತ ನೀಲಗಿರಿಯನ್ನೇ ಕುಯ್ದು ಮನೆ ಕಟ್ಟಿ ಅಂತ ನಾನು ಹೇಳ್ತಿಲ್ಲ. ಎಳೆ ನೀಲಗಿರಿ ಕುಯ್ದರೆ ಸೀಳುತ್ತೆ, ಒಣಗುವಾಗ ತಿರುಚಿಕೊಳ್ಳುತ್ತೆ. ನೀರಿನ ಪ್ರಶ್ನೆ ಅದಕ್ಕಿಂತ ದೊಡ್ಡದು. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತಿದ್ರು. 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನೇ ನಿಷೇಧಿಸಿತು. ವರ್ಷವಿಡೀ ಹರಿಯೋ ನದಿಯೇ ಇಲ್ಲದ ಕೋಲಾರಕ್ಕೆ ಅದು ಸರಿಯಾದ ತೀರ್ಮಾನವೇ. ಆದರೆ ನೀಲಗಿರಿ ಕಿತ್ತ ಹೊಲದಲ್ಲಿ ಏನು ನೆಡಬೇಕು?

ಈ ಪ್ರಶ್ನೆಗೆ ಉತ್ತರ ಹಿಡಿದುಕೊಂಡು ಏಜೆಂಟರು ಬರ್ತಾರೆ. ಮಹಾಗನಿ ನೆಡಿ, ಎಕರೆಗೆ ಕೋಟಿ! ಹೆಬ್ಬೇವು ನೆಡಿ, ಕೂತು ತಿನ್ನಿ! ಸಸಿ ಮಾರೋನು ಇವತ್ತೇ ದುಡ್ಡು ಎಣಿಸಿಕೊಂಡು ಹೋಗ್ತಾನೆ. ಹತ್ತು ಹದಿನೈದು ವರ್ಷ ಕಾಯೋನು ರೈತ. ನಡುವೆ ಮಗಳ ಮದುವೆ ಬಂತು, ಬೋರ್‌ವೆಲ್ ಬತ್ತಿತು ಅಂದ್ರೆ ಎಳೆ ಮರವನ್ನೇ ಕಡೀತಾನೆ. ಬಲಿತ ಮರಕ್ಕೆ ಇಷ್ಟು ಹೆಚ್ಚು ಸಿಗುತ್ತೆ ಅಂತ ಬರೆದುಕೊಟ್ಟವರು ಯಾರೂ ಇಲ್ಲದಿದ್ರೆ ಅವನು ಯಾಕೆ ಕಾಯಬೇಕು?

ಗೆದ್ದಲು, ಮಳೆ, ಬೆಂಕಿ ಅಂತ ನೀವು ಕೇಳ್ತೀರಿ. ಕೇಳಲೇಬೇಕು. ಗೆದ್ದಲಿಗೆ ಔಷಧಿ ಉಣಿಸಿ ಮರ ಹದ ಮಾಡೋ ವಿದ್ಯೆ ನಮ್ಮ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲೇ ಇದೆ. ಎಲ್ಲರೂ ಮರದ ಮನೆ ಕಟ್ಟಬೇಕಾಗಿಯೂ ಇಲ್ಲ. ತಳಪಾಯ ಭಾರ ತಡೆಯದ ಹಳೇ ಮನೆಯ ಮೇಲೆ ಒಂದು ಹಗುರ ಮಹಡಿ, ಒಂದು ಅಂಗನವಾಡಿ, ಶಾಲೆಯ ಚಾವಣಿ. ಅಲ್ಲಿಂದ ಶುರುವಾಗಲಿ.

ನನ್ನ ಬೇಡಿಕೆ ಮೂರೇ. ಕೋಲಾರದಲ್ಲಿ ಮರ ಕುಯ್ದು, ಒಣಗಿಸಿ, ಹದ ಮಾಡೋ ಒಂದು ಘಟಕ. ರೈತನ ಮರಕ್ಕೆ ದರ್ಜೆಯ ಮುದ್ರೆ ಮತ್ತು ಬಹಿರಂಗ ಹರಾಜು. ಮೊದಲ ಗಿರಾಕಿಯಾಗಿ ಸರ್ಕಾರವೇ. ಇವು ಮೂರೂ ಆಗೋ ತನಕ ಯಾವ ಮಂತ್ರಿಯೂ ಕೋಲಾರದ ರೈತನ ಕೈಗೆ ಸಸಿ ಕೊಟ್ಟು ಫೋಟೋ ತೆಗೆಸಿಕೊಳ್ಳಬಾರದು. ಕೊಟ್ಟರೆ, ರೈತರೇ, ಒಂದೇ ಪ್ರಶ್ನೆ ಕೇಳಿ: ಸ್ವಾಮಿ, ಇದನ್ನ ಕೊಳ್ಳೋರು ಯಾರು?